ವಸಂತನರಸಾಪುರದ ಹತ್ತಿರ ಸೈಟ್ ತಗೊಳ್ಳಬಹುದಾ? ಕೋರಾ ಕಡೆ ಗೊತ್ತಿರುವವರು ಹೇಳಿ

ಉಪ್ಪಾರಹಳ್ಳಿ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಮನೆ ತುಮಕೂರಿನ ಉಪ್ಪಾರಹಳ್ಳಿ, ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಅಪ್ಪ ರಿಟೈರ್ ಆದಾಗ ಬಂದ ದುಡ್ಡು ಬ್ಯಾಂಕಲ್ಲಿದೆ, ಅದನ್ನು ಸೈಟಿಗೆ ಹಾಕೋಣ ಅಂತ ಅವರ ಹಟ. ಕಳೆದ ಭಾನುವಾರ ಏಜೆಂಟ್ ಒಬ್ಬ ವ್ಯಾನ್ ಕಳಿಸಿ ಕೋರಾ ದಾಟಿ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಲೇಔಟ್ ತೋರಿಸಿದ. ಕಮಾನು ಇದೆ, ಟಾರ್ ರೋಡ್ ಇದೆ, ಲೈಟ್ ಕಂಬ ಇದೆ, ಮನೆ ಮಾತ್ರ ಒಂದೂ ಇಲ್ಲ. ಜಪಾನ್ ಟೌನ್‌ಶಿಪ್ ಬರುತ್ತೆ, ಮೆಟ್ರೊ ಬರುತ್ತೆ, ರೈಲು ಬರುತ್ತೆ, ಐದು ವರ್ಷದಲ್ಲಿ ಇದೇ ಇನ್ನೊಂದು ಪೀಣ್ಯ ಅಂತ ಒಂದೇ ಉಸಿರಿಗೆ ಹೇಳಿದ. ಅದೇ ದುಡ್ಡಿಗೆ ಶೆಟ್ಟಿಹಳ್ಳಿ ಕಡೆ ಒಂದು ಹಳೆಯ ಸಣ್ಣ ಮನೆಯೂ ಸಿಗುತ್ತಿದೆ. ಅಪ್ಪನಿಗೆ ಸೈಟ್ ಬೇಕು, ಅಮ್ಮನಿಗೆ ಮನೆ ಬೇಕು. ನಮಗೆ ಮುಂದೆ ಅಲ್ಲಿ ವಾಸ ಮಾಡೋಕೆ ಆಗುತ್ತಾ, ಅಥವಾ ಸುಮ್ನೆ ಬೆಲೆ ಏರಲಿ ಅಂತ ಕಾಯಬೇಕಾ? ಆ ಕಡೆ ಕೆಲಸ ಮಾಡುವವರು, ಊರಿನವರು ಯಾರಾದರೂ ಇದ್ದರೆ ನಿಜ ಹೇಳಿ.

ಶಿರಾ ಗೇಟ್ ಶಿಫ್ಟು

ನಾನು ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಇದ್ದೇನೆ, ಇರೋದು ಮಾತ್ರ ತುಮಕೂರು ಊರಲ್ಲಿ, ಶಿರಾ ಗೇಟ್ ಹತ್ತಿರ. ನನ್ನ ಲೈನಿನಲ್ಲಿ ಇರುವವರೆಲ್ಲ ಹೀಗೇ. ಕಂಪನಿ ಬಸ್ ಬರುತ್ತೆ, ಹತ್ತುತ್ತೇವೆ, ಶಿಫ್ಟ್ ಮುಗಿದ ಮೇಲೆ ಅದೇ ಬಸ್ಸಿನಲ್ಲಿ ವಾಪಸ್. ಹತ್ತಿರದ ಹಳ್ಳಿಯವರು ಬೈಕಲ್ಲಿ ಬರುತ್ತಾರೆ. ಹೊರಗಿನ ರಾಜ್ಯದ ಹುಡುಗರು ಮಾತ್ರ ಸುತ್ತಲಿನ ಹಳ್ಳಿಗಳಲ್ಲಿ ಒಂದೊಂದು ರೂಮಿಗೆ ನಾಲ್ಕೈದು ಜನ ಸೇರಿಕೊಂಡು ಇದ್ದಾರೆ.

ಸೂಪರ್‌ವೈಸರ್‌ಗಳಿಗೆ ಒಳ್ಳೆ ಸಂಬಳ ಇದೆ, ಅಲ್ಲೇ ಮನೆ ಕಟ್ಟಬಹುದಲ್ವಾ ಅಂತ ನಾನೇ ಕೇಳಿದ್ದೇನೆ. ಉತ್ತರ ಒಂದೇ. ಮಕ್ಕಳ ಸ್ಕೂಲು ತುಮಕೂರಲ್ಲಿ, ಹೆಂಡತಿ ಕೆಲಸ ತುಮಕೂರಲ್ಲಿ, ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಯೂ ತುಮಕೂರಲ್ಲಿ. ಹೈವೇಲಿ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದೂರ ಅಷ್ಟೇ, ಅದಕ್ಕೋಸ್ಕರ ಸಂಸಾರ ಯಾಕೆ ಸಾಗಿಸಬೇಕು ಅಂತಾರೆ.

ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರನ್ನು ಒಂದು ನೋಡ್, ಅಂದರೆ ಕೈಗಾರಿಕೆ ಬೆಳೆಸುವ ಕೇಂದ್ರ, ಅಂತ ಮಾಡಿದ್ದಾರೆ. 2020ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸಂಪುಟ ಸುಮಾರು 1,701 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. 2023ರ ಫೆಬ್ರವರಿ 6ಕ್ಕೆ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿದರು, ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೂ ಉದ್ಘಾಟನೆ ಆಯಿತು. ಮೂರು ಹಂತ ಸೇರಿ 8,484 ಎಕರೆ ಅಂತ ಆಗ ಹೇಳಿದ್ದು. ಸುಮಾರು 88,500 ಜನಕ್ಕೆ ಕೆಲಸ, ಅದರಲ್ಲಿ 17,700 ಅಂಗಡಿ, ಕಚೇರಿ ಇಂಥ ಕಡೆ ಅಂತ ಸಂಪುಟದ ಟಿಪ್ಪಣಿಯ ಅಂದಾಜು. ಪ್ಲಾನಿನಲ್ಲಿ ವಸತಿಗೂ ಜಾಗ ಇದೆ. ಆದರೆ ಸ್ವಾಮಿ, ಆ ಜಾಗ ಬೇರೆ, ನಿಮಗೆ ತೋರಿಸಿದ ಲೇಔಟ್ ಬೇರೆ. ಟೌನ್‌ಶಿಪ್ಪಿನ ಒಳಗೆ ರೋಡು, ಡ್ರೈನೇಜು, ನೀರು, ಕರೆಂಟು ಎಲ್ಲ ಸರ್ಕಾರದ ದುಡ್ಡಲ್ಲಿ ಆಗುತ್ತೆ. ಬೇಲಿಯ ಹೊರಗಿರುವ ನಿಮ್ಮ ಲೇಔಟಿಗೆ ಅದರಲ್ಲಿ ಏನೂ ಬರಲ್ಲ. ಬ್ರೋಷರ್‌ನಲ್ಲಿ ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿರುತ್ತಾರೆ, ಗಮನಿಸಿ.

ಕೋರಾ ಹೋಬಳಿಯವನು

ಶಿಫ್ಟಣ್ಣ ಹೇಳಿದ್ದು ಸರಿ. ನಮ್ಮ ಜಮೀನೂ ಒಂದು ಹಂತದಲ್ಲಿ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ರಾಗಿ, ಅವರೆ, ನೆಲಗಡಲೆ ಬೆಳೆಯುತ್ತಿದ್ದ ಹೊಲ. ಪರಿಹಾರದ ದುಡ್ಡಲ್ಲಿ ಕೆಲವರು ಬೇರೆ ಕಡೆ ತೋಟ ಕೊಂಡರು, ಕೆಲವರು ಕಾರು ಕೊಂಡರು, ಮದುವೆ ಮಾಡಿದರು. ಊರಿನ ಹುಡುಗರಿಗೆ ಕೆಲಸ ಸಿಕ್ಕಿದೆ, ಇಲ್ಲ ಅನ್ನಲ್ಲ, ಆದರೆ ಬಹಳ ಮಂದಿ ಕಂಟ್ರಾಕ್ಟರ್ ಕೈ ಕೆಳಗೆ, ಗೇಟಲ್ಲಿ, ಲೋಡಿಂಗಲ್ಲಿ, ಕ್ಯಾಂಟೀನಲ್ಲಿ.

ನಮ್ಮ ಊರಲ್ಲಿ ನಿಜವಾಗಿ ದುಡ್ಡು ನೋಡಿದವರು ಸೈಟ್ ಕೊಂಡವರಲ್ಲ. ಗ್ರಾಮಠಾಣಾದೊಳಗೆ, ಅಂದರೆ ಊರಿನ ಹಳೇ ವಸತಿ ಜಾಗದಲ್ಲಿ, ಹಳೇ ಮನೆ ಹಿಂದೆ ಇದ್ದ ದನದ ಕೊಟ್ಟಿಗೆ ಕೆಡವಿ ಶೀಟ್ ಹಾಕಿ ರೂಮು ಮಾಡಿ ಬಾಡಿಗೆಗೆ ಬಿಟ್ಟವರು. ಪ್ರತಿ ತಿಂಗಳು ಬರುತ್ತೆ. ಆದರೆ ಒಂದು ಬೋರ್‌ವೆಲ್‌ಗೆ ಎಷ್ಟು ರೂಮು ಅಂತ ಒಂದು ಲೆಕ್ಕ ಬೇಕಲ್ವಾ. ಬೇಸಿಗೆಯಲ್ಲಿ ಟ್ಯಾಂಕರ್ ಕರೆಸಬೇಕು. ಕೊಳಚೆ ನೀರು ಚರಂಡಿಯಿಂದ ನೇರ ಕೆರೆ ಅಂಗಳಕ್ಕೆ ಹೋಗುತ್ತೆ. ಪಂಚಾಯಿತಿಗೆ ಕೇಳಿದರೆ ಇದು ಕೈಗಾರಿಕೆಯವರ ಸಮಸ್ಯೆ ಅಂತಾರೆ, ಅವರನ್ನು ಕೇಳಿದರೆ ಪಂಚಾಯಿತಿಗೆ ಹೋಗಿ ಅಂತಾರೆ.

ಅಪ್ಪಾಜಿಗೆ ಹೇಳಿ, ಭಾನುವಾರ ವ್ಯಾನಲ್ಲಿ ಬಂದು ನೋಡಿದರೆ ಏನೂ ಗೊತ್ತಾಗಲ್ಲ. ಏಪ್ರಿಲ್‌ನಲ್ಲಿ ಒಂದು ವಾರದ ದಿನ ಮಧ್ಯಾಹ್ನ ಬಂದು, ಯಾವುದಾದರೂ ಟೀ ಅಂಗಡಿಯಲ್ಲಿ ಕೂತು ನೀರಿನ ವಿಷಯ ತೆಗೆಯಲಿ.

ಮುನ್ನುಗ್ಗು ಗುರು

ಎಲ್ಲರೂ ಸೇರಿ ಹೆದರಿಸಬೇಡಿ ಗುರು. ಅಂತರಸನಹಳ್ಳಿ, ಸತ್ಯಮಂಗಲ ಒಂದು ಕಾಲಕ್ಕೆ ಊರಾಚೆ ಅನ್ನಿಸಿಕೊಂಡಿದ್ದ ಜಾಗಗಳೇ. ಆಗ ನಕ್ಕವರು ಈಗ ರೇಟ್ ಕೇಳಿ ಸುಮ್ಮನಾಗುತ್ತಾರೆ. ತುಮಕೂರು-ದಾವಣಗೆರೆ ನೇರ ರೈಲು ಮಾರ್ಗ 191 ಕಿಲೋಮೀಟರ್, ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹೋಗುತ್ತೆ. ನಮ್ಮ ಸಂಸದರೇ ರೈಲ್ವೆ ರಾಜ್ಯ ಸಚಿವರು. ಲೈನ್ ಓಡಲು ಶುರುವಾದ ಮೇಲೆ ಈ ರೇಟಿಗೆ ಯಾರೂ ಕೊಡಲ್ಲ. ಮೆಟ್ರೊ ಮಾತು ನಾನೂ ನಂಬಲ್ಲ, ಬೆಂಗಳೂರು ಅಂಚಿನ ಮಾದಾವರದಿಂದ ಇಲ್ಲಿವರೆಗೆ ಅಂದರೆ ಅದು ಇನ್ನೂ ಕಾಗದದ ಮೇಲಿನ ಮಾತು. ಆದರೆ ಫ್ಯಾಕ್ಟರಿ ಕಾಗದದ ಮೇಲಿಲ್ಲ. ಫುಡ್ ಪಾರ್ಕ್ 2014ರಲ್ಲೇ ಓಪನ್ ಆಗಿದೆ, ಮೆಷಿನ್ ಟೂಲ್ ಪಾರ್ಕ್ ಬಂದಿದೆ. ಹತ್ತು ವರ್ಷ ಮುಟ್ಟದೆ ಇರುವ ದುಡ್ಡಾದರೆ ಹಾಕಿ.

ಶಿರಾ ಗೇಟ್ ಶಿಫ್ಟು

ಗುರು, ಸತ್ಯಮಂಗಲ ಊರಿಗೆ ಅಂಟಿಕೊಂಡೇ ಇತ್ತು. ಊರು ಬೆಳೆದು ಅದನ್ನು ನುಂಗಿತು. ಕೋರಾ ತನಕ ನುಂಗೋಕೆ ಇನ್ನೂ ಬಹಳ ಹೊಲ ಇದೆ.

ಕೋಲಾರದ ಅಕ್ಕ

ನಡುವೆ ಬಾಯಿ ಹಾಕುತ್ತೇನೆ, ಬೇರೆ ಜಿಲ್ಲೆಯವಳು. ನಮ್ಮ ನರಸಾಪುರ ನೋಡಿ. ಹೋಂಡಾ ಸ್ಕೂಟರ್ ಕಾರ್ಖಾನೆ 2013ರಲ್ಲಿ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಬಂತು, ಈಗ ಅದು ಟಾಟಾದವರ ಕೈಯಲ್ಲಿದೆ. ಸಾವಿರಾರು ಜನ, ಅದರಲ್ಲೂ ಹೆಣ್ಣುಮಕ್ಕಳು ಜಾಸ್ತಿ. ಇಷ್ಟು ವರ್ಷ ಆದ ಮೇಲೂ ಶಿಫ್ಟ್ ಬಿಡುವ ಹೊತ್ತಿಗೆ ಹೈವೇ ಮೇಲೆ ಬಸ್ಸಿನ ಸಾಲು ಸಾಲು. ಕೋಲಾರಕ್ಕೆ, ಮಾಲೂರಿಗೆ, ಹೊಸಕೋಟೆಗೆ. ಅಲ್ಲಿ ಎದ್ದದ್ದು ಪೀಜಿ, ಹಾಸ್ಟೆಲ್, ಬಾಡಿಗೆ ರೂಮು. ಹತ್ತೊಂಬತ್ತು ಇಪ್ಪತ್ತರ ಹುಡುಗಿಗೆ ಬೇಕಾಗಿರೋದು ಸುರಕ್ಷಿತವಾದ ಹಾಸಿಗೆ, ಶಿಫ್ಟಿಗೆ ಸರಿಯಾಗಿ ಊಟ. ಅವಳು ಸೈಟ್ ಯಾಕೆ ಕೊಳ್ಳುತ್ತಾಳೆ? ಎರಡು ವರ್ಷ ದುಡಿದು ಮದುವೆಗೋ, ಬೇರೆ ಕೆಲಸಕ್ಕೋ ಹೋಗುತ್ತಾಳೆ. ಲೇಔಟ್ ಮಾಡುವವರು ಈ ಕಡೆ ಯೋಚನೆಯೇ ಮಾಡಲ್ಲ, ಎಲ್ಲ ಕಡೆ ಅದೇ ಮೂವತ್ತು ನಲವತ್ತು ಸೈಟು.

ನೀರಿನ ವಿಷಯದಲ್ಲಿ ನಮಗೆ 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟದ ಜಗಳ ಬೇರೆ ಇದೆ, ಅದು ಬಿಡಿ, ಒಣಗಿ ಬಿದ್ದಿದ್ದ ಕೆರೆಗಳಲ್ಲಿ ನೀರಂತೂ ನಿಂತಿದೆ. ನಿಮ್ಮ ಕಡೆ ಅಷ್ಟು ಕಾರ್ಖಾನೆಗೆ, ಅಷ್ಟು ಮನೆಗೆ ನೀರು ಎಲ್ಲಿಂದ ಅಂತ ಮೊದಲು ಕೇಳಿಕೊಳ್ಳಿ ತಮ್ಮಾ. ತುಮಕೂರು ಊರಿಗೇ ಗೊರೂರಿಂದ ಹೇಮಾವತಿ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಬೇಕು. ಎತ್ತಿನಹೊಳೆ ನೀರು 2024ರ ಗೌರಿ ಹಬ್ಬದ ದಿನ ಸಕಲೇಶಪುರದಲ್ಲಿ ಎತ್ತಿದರು, ಅದನ್ನು ನಾವೂ ಕಾಯುತ್ತಿದ್ದೇವೆ, ನೀವೂ ಕಾಯುತ್ತಿದ್ದೀರಿ.

ಪಹಣಿ ಪರಮೇಶಿ

ಬೆಲೆ, ಭವಿಷ್ಯ ಎಲ್ಲ ಆಮೇಲೆ. ಸರ್ವೆ ನಂಬರ್ ಇಸ್ಕೊಂಡ್ರಾ? ಕೊಡಲಿಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಕೊಟ್ಟರೆ ಮೊದಲು ಪಹಣಿ ತೆಗೆಸಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು ಎಲ್ಲರೂ ನೋಡುತ್ತಾರೆ, ಹನ್ನೊಂದನೇ ಕಾಲಂ ಯಾರೂ ನೋಡಲ್ಲ. ಸಾಲ, ಕೋರ್ಟ್ ತಡೆ, ಕೆಐಎಡಿಬಿ (ಕೈಗಾರಿಕೆಗೆ ಭೂಮಿ ತಗೊಳ್ಳುವ ರಾಜ್ಯದ ಮಂಡಳಿ) ಹೆಸರು ಇದ್ದರೆ ಅಲ್ಲೇ ಇರುತ್ತೆ. ಕೆಐಎಡಿಬಿ ಭೂಮಿ ತಗೊಳ್ಳೋದು 1966ರ ತನ್ನದೇ ಕಾಯ್ದೆಯಲ್ಲಿ. ಅದರ ಸೆಕ್ಷನ್ 28(1) ಅಂದರೆ ತಗೊಳ್ಳುವ ಉದ್ದೇಶ ಇದೆ ಅಂತ ಮೊದಲ ಅಧಿಸೂಚನೆ, ಆಮೇಲೆ ನೋಟಿಸ್, ತಕರಾರು ಕೇಳೋದು, ಕೊನೆಗೆ 28(4). ಈ ಕೊನೆಯದು ಗೆಜೆಟ್‌ನಲ್ಲಿ ಬಂದ ಕ್ಷಣಕ್ಕೆ ಜಮೀನು ಸರ್ಕಾರದ್ದು. ಅದಾದ ಮೇಲೆ ಹಳೇ ಮಾಲೀಕ ನಿಮಗೆ ಮಾರೋಕೆ ಏನೂ ಉಳಿದಿರಲ್ಲ. ಪಹಣಿಯಲ್ಲಿ ಹೆಸರು ಬದಲಾಗೋದು ತಡ ಆಗಬಹುದು, ಅದಕ್ಕೇ ಪಹಣಿ ಒಂದನ್ನೇ ನಂಬದೆ ಸರ್ವೆ ನಂಬರ್ ಹಿಡಿದು ಕೆಐಎಡಿಬಿ ಭೂಸ್ವಾಧೀನ ಕಚೇರಿಯಲ್ಲೂ ಕೇಳಿ. ಹಂತ ಹಂತವಾಗಿ ಹಬ್ಬುತ್ತಿರುವ ಏರಿಯಾದ ಪಕ್ಕ ಕೊಳ್ಳುವವರಿಗೆ ಇದೇ ದೊಡ್ಡ ಭಯ.

ಎರಡನೇದು, ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ನೋಡಿ. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿ ಆದ ಮೇಲೆ ಎಷ್ಟೋ ವರ್ಷ ಆಯಿತು ಬಿಡಿ ಅನ್ನುವ ಮಾತು ನಂಬಿಕೊಂಡು ಕೂರಬೇಡಿ.

ಇನ್ನು ಕನ್ವರ್ಷನ್ ಆರ್ಡರ್ (ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಆದೇಶ), ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟಿಗೆ ರೇರಾ ಬೇಕೇ ಬೇಕು, ವೆಬ್‌ಸೈಟಲ್ಲಿ ನೀವೇ ಹುಡುಕಬಹುದು. ಪಂಚಾಯಿತಿ ತನ್ನ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ 11ಬಿ ನಮೂನೆ ಕೊಟ್ಟ ಮಾತ್ರಕ್ಕೆ ಲೇಔಟ್ ಅಧಿಕೃತ ಆಗಲ್ಲ. ಏಜೆಂಟ್ ಇದನ್ನೇ ಬಿ-ಖಾತಾ ಅಷ್ಟೇ ಸರ್ ಅಂತ ತೇಲಿಸಿ ಹೇಳುತ್ತಾನೆ.

ಉಪ್ಪಾರಹಳ್ಳಿ ಪ್ಯಾಸೆಂಜರ್

ಎಲ್ಲರಿಗೂ ಥ್ಯಾಂಕ್ಸ್. ಸರ್ವೆ ನಂಬರ್ ಕೇಳಿದೆ, ಮೊದಲು ಟೋಕನ್ ಅಡ್ವಾನ್ಸ್ ಹಾಕಿ ಆಮೇಲೆ ಕಳಿಸುತ್ತೇನೆ ಅಂದ. ಅಪ್ಪ ಇದನ್ನು ಕೇಳಿ ಸ್ವಲ್ಪ ತಣ್ಣಗಾದರು, ಆದರೆ ಸೈಟಿನ ಆಸೆ ಬಿಟ್ಟಿಲ್ಲ. ಶೆಟ್ಟಿಹಳ್ಳಿ ಮನೆಯ ಬದಲು ಊರುಕೆರೆ ಕಡೆ ನೋಡೋಣ ಅಂತಿದ್ದಾರೆ. ಫ್ಯಾಕ್ಟರಿಯವರು ಅಲ್ಲಿ ಬಾಡಿಗೆಗೆ ಬರುತ್ತಾರಾ ಶಿಫ್ಟಣ್ಣ?

ಶಿರಾ ಗೇಟ್ ಶಿಫ್ಟು

ಬರುತ್ತಾರೆ. ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತೆ ನೋಡಿಕೊಂಡು ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಹುಡುಕಿ. ಸಂಸಾರಸ್ಥರು ಬರಬೇಕು ಅಂದರೆ ಎರಡು ಬೆಡ್‌ರೂಮು, ನಲ್ಲಿ ನೀರಿನ ಕನೆಕ್ಷನ್ ಇರಲಿ. ಬೋರ್ ನೀರು ಮಾತ್ರ ಅಂದರೆ ಬಾಡಿಗೆ ಕಡಿಮೆ ಕೇಳುತ್ತಾರೆ. ಟೋಕನ್ ಮಾತ್ರ ಹಾಕಬೇಡಿ.