ದೇಹವೇ ಕಾಣದ ಕೃತಿಯಲ್ಲಿ ದೇಹದ ನೆನಪು: ಶೀಲಾ ಗೌಡರ ಕಲೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ:
ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡರ ‘ಬಿಹೋಲ್ಡ್’ (2009) ಕೃತಿಯ ಚಿತ್ರಗಳನ್ನು ಗಮನವಿಟ್ಟು ನೋಡಿದೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗ, ಅದರಲ್ಲಿ ತೂಗಿಬಿಟ್ಟ ಕಾರಿನ ಬಂಪರ್‌ಗಳು, ಅಲ್ಲಿರುವುದು ಇಷ್ಟೇ. ದೇಹದ ಆಕೃತಿಯೇ ಇಲ್ಲದ ಕಡೆ ದೇಹದ ನೆನಪನ್ನು ನೋಡುಗರು ಹೇಗೆ ಗುರುತಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಆ ಹಗ್ಗ ಎಲ್ಲಿಂದ ಬಂತೆಂದು ವಿಚಾರಿಸಿದರೆ ನಿಮ್ಮ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ಉದ್ದನೆಯ ಕೂದಲು ವಿಗ್ ತಯಾರಿಕೆಗೆ ಮಾರಾಟವಾದರೆ, ಉಳಿದ ಗಿಡ್ಡ ಕೂದಲನ್ನು ಹಗ್ಗವಾಗಿ ಹೊಸೆಯುತ್ತಾರೆ. ಕೆಟ್ಟ ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು ನಮ್ಮ ಚಾಲಕರು ಅದನ್ನು ಬಂಪರಿಗೆ ಕಟ್ಟಿಕೊಳ್ಳುತ್ತಾರೆ. ಯಾರೋ ತಮ್ಮ ಕಾಯಿಲೆಗೋ ಸಂತಾನಕ್ಕೋ ಹೊತ್ತ ಹರಕೆಯ ಕೂದಲು, ಅವರ ಗುರುತು ಪೂರ್ತಿ ಅಳಿದ ಮೇಲೂ, ಇನ್ಯಾರದೋ ಜೀವ ಕಾಯುವ ಕೆಲಸಕ್ಕೆ ಬರುತ್ತದೆ. ಅಲ್ಲಿ ದೇಹದ ಚಿತ್ರವಿಲ್ಲ, ನಿಜ; ದೇಹವೇ ಇದೆ.

ಉತ್ತರ 2:
ಇದನ್ನು ಒಪ್ಪುತ್ತೇನೆ. ಆದರೆ ‘ಬಿಹೋಲ್ಡ್’ ಈಗ ಬ್ರಿಟನ್ನಿನ ಟೇಟ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದರ ಮುಂದೆ ನಿಲ್ಲುವ ಎಲ್ಲರಿಗೂ ಮುಡಿಯ ಹಿನ್ನೆಲೆ ತಿಳಿದಿರುವುದಿಲ್ಲ. ಹಾಗಾಗಿ ಹಿನ್ನೆಲೆಯ ಜೊತೆಗೆ ಶ್ರಮವನ್ನೂ ನೋಡಬೇಕು. ಅವರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ನೂರು ಮೀಟರಿಗೂ ಉದ್ದದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಎಳೆದು, ಮಡಿಚಿ, ಅಂಟು ಮತ್ತು ಕುಂಕುಮ ಬಳಿದು ಒಂದೇ ಹುರಿಯಾಗಿ ಕೂಡಿಸಲಾಗಿದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿದಿವೆ. ಆ ಕೆಂಪು ಹುರಿ ಗೋಡೆ ಮತ್ತು ನೆಲದ ಮೇಲೆ ಕರುಳಿನಂತೆ ಹರಿದಾಡುತ್ತದೆ. ಸೂಜಿಗೆ ದಾರ ಪೋಣಿಸಿದ ಯಾರಿಗೇ ಆದರೂ ಅದನ್ನು ನೋಡಿದಾಗ ಬೆರಳು, ಕಣ್ಣು, ಬೆನ್ನಿನ ದಣಿವು ತಿಳಿಯುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೆಂಗಸರು ಮನೆಯೊಳಗೆ ದಿನವೂ ಮಾಡುವ, ಯಾರೂ ಲೆಕ್ಕಕ್ಕಿಡದ ದುಡಿಮೆಯ ಅಳತೆಯೇ ಆ ಉದ್ದ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಶೀಲಾ ಗೌಡರು ಬೇರೆ ಕೃತಿಗಳಲ್ಲಿ ಸಗಣಿಯನ್ನು ಬಳಸಿದ್ದೂ ಇದೇ ಕಾರಣಕ್ಕೆ ಎನ್ನಬಹುದೇ?

ಉತ್ತರ 2:
ಭಾಗಶಃ ಹೌದು. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮುಹಿಂಸೆ ಹೆಚ್ಚಿದ್ದಾಗ, ಅವರು ಚಿತ್ರಕಲೆಯಿಂದ ಸಗಣಿಯತ್ತ ಹೊರಳಿದರು. ನೆಲ ಸಾರಿಸುವ, ಬೆರಣಿ ತಟ್ಟುವ ಕೈಗಳ ಜೊತೆಗೆ, ಪವಿತ್ರವೆಂದು ಘೋಷಿಸಿ ರಾಜಕೀಯಕ್ಕೆ ಎಳೆದ ಹಸುವೂ ಆ ಸಗಣಿಯಲ್ಲಿದೆ. ಅದನ್ನು ಮನೆವಾರ್ತೆಯ ನೆನಪಾಗಿ ಮಾತ್ರ ಓದಿದರೆ ಕೃತಿಯ ಸಿಟ್ಟು ನಮಗೆ ಕಾಣದೆ ಹೋಗುತ್ತದೆ.