ಮಕ್ಕಳನ್ನು ಕಟ್ಟಿಕೊಂಡು ಉಲುರುಗೆ: ಟೆಂಟು, ಕುಕ್ಕರು, ನೆಗ್ಗಿಲು ಮುಳ್ಳು

ಕೇಳಿದವರು, ಮೆಲ್ಬರ್ನ್‌ನಿಂದ

ಜುಲೈ ಸ್ಕೂಲ್ ರಜೆಯಲ್ಲಿ ಕಾರಲ್ಲೇ ಉಲುರುಗೆ, ಅಂದರೆ ಆಸ್ಟ್ರೇಲಿಯಾದ ನಡುವಿನ ಆ ದೊಡ್ಡ ಕೆಂಪು ಬಂಡೆಗೆ, ಹೋಗಿ ಬರೋಣ ಅಂತ ಇದ್ದೇವೆ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಸಾಧಾರಣ ಎಸ್‌ಯುವಿ, ಫೋರ್ ವೀಲ್ ಡ್ರೈವ್ ಅಲ್ಲ. ಟೆಂಟ್ ಇದೆ, ಹಾಕಿದ್ದು ಮಾತ್ರ ಒಂದೇ ಸಲ, ಅದೂ ಸಮುದ್ರದ ಪಕ್ಕ ಹುಲ್ಲಿನ ಮೇಲೆ. ಒಟ್ಟು 16 ದಿನ ಸಿಗುತ್ತದೆ. ಅಡಿಲೇಡ್, ಕೂಬರ್ ಪೀಡಿ, ಉಲುರು, ಕಿಂಗ್ಸ್ ಕ್ಯಾನಿಯನ್, ಆಲಿಸ್ ಸ್ಪ್ರಿಂಗ್ಸ್ ನೋಡಿಕೊಂಡು ವಾಪಸ್. ದಿನಕ್ಕೆ ಏಳೆಂಟು ಗಂಟೆ ಓಡಿಸಿದರೆ ಸಾಕು ಅಂತ ಮ್ಯಾಪ್ ಹೇಳುತ್ತದೆ. ನಮ್ಮವರು ಆರಾಮಾಗಿ ಆಗುತ್ತೆ ಅಂತಾರೆ. ನನಗೆ ಧೈರ್ಯ ಸಾಲದು. ಹೋಗಿ ಬಂದವರು ದಯವಿಟ್ಟು ಹೇಳಿ. ಊಟ, ಚಳಿ, ಟಾಯ್ಲೆಟ್, ಎಲ್ಲದರ ಬಗ್ಗೆಯೂ. ನಾಚಿಕೆ ಬೇಡ.

ಅಡಿಲೇಡ್‌ನಿಂದ, ಎರಡು ಸಲ ಹೋಗಿ ಬಂದವರು

ಆಗುತ್ತದೆ. ಆದರೆ ನೀವು ಬರೆದ ಪಟ್ಟಿ ಪೂರ್ತಿ ಆಗುವುದಿಲ್ಲ.

ಮೊದಲು ಲೆಕ್ಕ ನೋಡಿ. ಮೆಲ್ಬರ್ನ್‌ನಿಂದ ಅಡಿಲೇಡ್ ಸುಮಾರು 730 ಕಿ.ಮೀ. ಅಡಿಲೇಡ್‌ನಿಂದ ಯುಲಾರಾ, ಅಂದರೆ ಉಲುರು ಪಕ್ಕದ ಊರು, ಹತ್ತಿರ ಹತ್ತಿರ 1,600. ಹೋಗಿ ಬರುವುದಕ್ಕೇ 4,600 ಆಯಿತು. ಕಿಂಗ್ಸ್ ಕ್ಯಾನಿಯನ್ ಮತ್ತು ಆಲಿಸ್ ಸೇರಿಸಿದರೆ 5,300 ದಾಟುತ್ತದೆ. ಮ್ಯಾಪ್ ಹೇಳುವ ಎಂಟು ಗಂಟೆಯಲ್ಲಿ ಐದು ವರ್ಷದ ಹುಡುಗನ ಸುಸ್ಸೂ, ವಾಂತಿ, ಸೀಟಿನಡಿ ಬಿದ್ದ ಆಟಿಕೆ, ಯಾವುದೂ ಸೇರಿಲ್ಲ. ಅದು ಹನ್ನೊಂದು ಗಂಟೆ ಅಂತಲೇ ಇಟ್ಟುಕೊಳ್ಳಿ.

ನಾನು ಹೇಳುವುದು ಒಂದೇ ಮಾತು. ಮಧ್ಯಾಹ್ನ ಮೂರಕ್ಕೆ ಗಾಡಿ ನಿಲ್ಲಬೇಕು. ಎಲ್ಲಿದ್ದೀರೋ ಅಲ್ಲಿ ಅಲ್ಲ, ಅವತ್ತಿನ ಜಾಗ ಮುಟ್ಟಿ ನಿಲ್ಲಬೇಕು. ಹಾಗೆ ಹಿಂದಿನಿಂದ ಲೆಕ್ಕ ಹಾಕಿ ದಾರಿ ಕತ್ತರಿಸಿ.

ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಪೋರ್ಟ್ ಆಗಸ್ಟಾದಿಂದ ತಡವಾಗಿ ಹೊರಟು, ಉಪ್ಪಿನ ಕೆರೆ ಕಂಡಲ್ಲೆಲ್ಲ ನಿಲ್ಲಿಸಿ, ಕೂಬರ್ ಪೀಡಿ ತಲುಪಿದಾಗ ರಾತ್ರಿ ಏಳೂವರೆ. ಕೊನೆಯ ಒಂದೂವರೆ ಗಂಟೆ ಕಾಂಗರೂ ಅಡ್ಡ ಬರುತ್ತದೆ ಅಂತ 60ರಲ್ಲಿ ಓಡಿಸಿದ್ದೆ. ಟೆಂಟ್ ಜೊತೆ ಬಂದಿದ್ದ ಗೂಟಗಳನ್ನು ಹೊಡೆದರೆ ಒಂದೂ ಇಳಿಯಲಿಲ್ಲ. ನೆಲ ಅಲ್ಲ ಅದು, ಬಂಡೆ. ನಾಲ್ಕು ಗೂಟ ಕೊಕ್ಕೆಯ ಹಾಗೆ ಬಾಗಿದವು. ಹೆಂಡತಿ ಟಾರ್ಚ್ ಹಿಡಿದು ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಭಯ ಆಗಿದ್ದು. ಕೊನೆಗೆ ಎರಡು ಹಗ್ಗ ಕಾರಿನ ಚಕ್ರಕ್ಕೆ, ಎರಡು ಹಗ್ಗ ನೀರಿನ ಕ್ಯಾನ್‌ಗೆ ಕಟ್ಟಿ ಮಲಗಿದೆವು. ಊಟ ಬ್ರೆಡ್ಡು, ಚಿಪ್ಸು.

ಎರಡನೇ ಸಲ ದಿನಕ್ಕೆ ಹೆಚ್ಚೆಂದರೆ 400 ಕಿ.ಮೀ. ಅಂತ ಇಟ್ಟುಕೊಂಡೆವು. ಮೂರಕ್ಕೆ ಟೆಂಟ್, ನಾಲ್ಕಕ್ಕೆ ಕಾಫಿ, ಆಮೇಲೆ ಕತ್ತಲಾಗುವವರೆಗೆ ಮಕ್ಕಳು ಕೆಂಪು ಮಣ್ಣಲ್ಲಿ ಹೊರಳಾಡುತ್ತಿದ್ದರು. ಈಗ ಕೇಳಿದರೆ ಅವರಿಗೆ ನೆನಪಿರುವುದು ಆ ಸಂಜೆಗಳೇ. ದಾರಿ ನೆನಪಿಲ್ಲ.

ಕತ್ತಲಲ್ಲಿ ಓಡಿಸಬಾರದು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಅಲ್ಲಿನ ದನದ ಫಾರ್ಮ್‌ಗಳಿಗೆ ಎಷ್ಟೋ ಕಡೆ ಬೇಲಿಯೇ ಇಲ್ಲ. ರಸ್ತೆ ಬಿಸಿ ಇರುತ್ತದೆ ಅಂತ ದನ ಬಂದು ಟಾರ್ ಮೇಲೆ ಮಲಗುತ್ತವೆ. ನಮ್ಮೂರಲ್ಲಿ ದನ ಅಡ್ಡ ಬಂದರೆ ಹಾರ್ನ್ ಹೊಡೀತೀವಿ, ಅಲ್ವಾ? 110ರಲ್ಲಿ ಬರುವಾಗ ಹಾರ್ನ್‌ಗೆ ಟೈಮ್ ಇರುವುದಿಲ್ಲ.

ಆದ್ದರಿಂದ ಆಲಿಸ್, ಕಿಂಗ್ಸ್ ಕ್ಯಾನಿಯನ್ ಎರಡನ್ನೂ ಬಿಟ್ಟುಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಕೂಬರ್ ಪೀಡಿಯಲ್ಲಿ ಎರಡು ರಾತ್ರಿ, ಯುಲಾರಾದಲ್ಲಿ ಮೂರು ರಾತ್ರಿ ಇರಿ. ಯುಲಾರಾದ ಕ್ಯಾಂಪ್ ಜಾಗ ಜುಲೈಯಲ್ಲಿ ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ. ಉಲುರು ಇರುವ ನ್ಯಾಷನಲ್ ಪಾರ್ಕ್ ಒಳಗೆ ಟೆಂಟ್ ಹಾಕುವ ಹಾಗಿಲ್ಲ. ಮೊದಲು ಅದನ್ನು ಬುಕ್ ಮಾಡಿ, ಆಮೇಲೆ ಉಳಿದದ್ದು.

ಕೂಬರ್ ಪೀಡಿ ಯಾಕೆ ಎರಡು ರಾತ್ರಿ ಅಂದರೆ, ಅದು ಮಕ್ಕಳ ಊರು. 1915ರಲ್ಲಿ ಅಲ್ಲಿ ಓಪಲ್ ಕಲ್ಲು ಮೊದಲು ಸಿಕ್ಕಿದ್ದೇ 14 ವರ್ಷದ ಹುಡುಗನಿಗೆ, ಚಿನ್ನ ಹುಡುಕಲು ಬಂದ ಅಪ್ಪನ ಜೊತೆ ಬಂದಿದ್ದವನು. ನನ್ನ ಮಗನಿಗೆ ಈ ಕತೆ ಹೇಳಿದ್ದೇ ತಪ್ಪಾಯಿತು. ಸಾರ್ವಜನಿಕರು ಕಲ್ಲು ಹೆಕ್ಕಬಹುದಾದ ಜಾಗದಲ್ಲಿ ಮೂರು ಗಂಟೆ ಕೂತು ಬಿಸ್ಕತ್ ಡಬ್ಬಿ ತುಂಬಾ ಕಲ್ಲು ತುಂಬಿಸಿದ. ಅದರಲ್ಲಿ ಉಗುರಿನ ತುದಿಯಷ್ಟು ಹೊಳೆಯುವುದು ಒಂದೇ ಒಂದು. ಡಬ್ಬಿ ಇನ್ನೂ ಗ್ಯಾರೇಜ್‌ನಲ್ಲಿ ಇದೆ, ಬಿಸಾಡುವ ಹಾಗಿಲ್ಲ. ಜನ ನೆಲದಡಿ ಮನೆ ಕೊರೆದುಕೊಂಡು ಇದ್ದಾರೆ, ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು. ಆದರೆ ಊರ ಸುತ್ತ ಹಳೆಯ ಗಣಿಗಳ ಬಾಯಿ ತೆರೆದೇ ಇರುತ್ತದೆ. ಓಡಬೇಡಿ, ಹಿಂದಕ್ಕೆ ನಡೆಯಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಫೋಟೋ ತೆಗೆಯುತ್ತ ಹಿಂದಕ್ಕೆ ಹೆಜ್ಜೆ ಇಡುವವರು ನಾವೇ. ಮಗನ ಕೈ ಬಿಡಬೇಡಿ.

ಸಿಡ್ನಿಯಿಂದ, ಕೋಲಾರದವರು

ಟಾಯ್ಲೆಟ್ ವಿಷಯ ಕೇಳಿದ್ದೀರಲ್ಲ, ಅದರಿಂದಲೇ ಶುರು ಮಾಡುತ್ತೇನೆ. ರೋಡ್‌ಹೌಸ್‌ಗಳಲ್ಲಿ, ಅಂದರೆ ಹೈವೇ ಪಕ್ಕದ ಬಂಕ್ ಮತ್ತು ಹೋಟೆಲ್‌ಗಳಲ್ಲಿ, ಚೆನ್ನಾಗಿರುತ್ತದೆ. ನಡುವಿನ ರೆಸ್ಟ್ ಏರಿಯಾಗಳಲ್ಲಿ ಇದ್ದರೆ ಗುಂಡಿ ಟಾಯ್ಲೆಟ್, ನೀರಿಲ್ಲ, ಪೇಪರ್ ಇದ್ದರೆ ನಿಮ್ಮ ಅದೃಷ್ಟ. ಎಷ್ಟೋ ಕಡೆ ಅದೂ ಇಲ್ಲ. ಚಿಕ್ಕವನಿಗೆ ಮಡಚುವ ಪಾಟಿ ತೊಗೊಳ್ಳಿ. ನಿಮಗೆ ಒಂದು ಸಣ್ಣ ಗುದ್ದಲಿ, ಮತ್ತೆ ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿ. ಚೊಂಬಿನ ಕೆಲಸ ಅದೇ ಮಾಡುತ್ತದೆ, ನೀರೂ ಕಡಿಮೆ ಸಾಕು.

ಊಟ. ವಿಕ್ಟೋರಿಯಾದಿಂದ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹಣ್ಣು, ಟೊಮೆಟೊ, ಮೆಣಸಿನಕಾಯಿ ಒಯ್ಯಬೇಡಿ. ಹಣ್ಣಿನ ನೊಣ ಬರುತ್ತದೆ ಅಂತ ಕಟ್ಟುನಿಟ್ಟು ಮಾಡುತ್ತಾರೆ, ಸಿಕ್ಕಿಬಿದ್ದರೆ ದಂಡ. ತರಕಾರಿ ಅಡಿಲೇಡ್‌ನಲ್ಲೇ ತೊಗೊಳ್ಳಿ. ಮನೆಯಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಅವಲಕ್ಕಿ. ಮೂರು ಲೀಟರಿನ ಕುಕ್ಕರ್ ಒಂದಿದ್ದರೆ ರಾಜ್ಯ ಆಳಬಹುದು. ಯುಲಾರಾದ ಕ್ಯಾಂಪ್ ಕಿಚನ್‌ನಲ್ಲಿ ನಮ್ಮ ಕುಕ್ಕರ್ ಸೀಟಿ ಹೊಡೆದಾಗ ಪಕ್ಕದ ಟೇಬಲ್‌ನ ಅಜ್ಜ ಎದ್ದು ಎರಡು ಹೆಜ್ಜೆ ದೂರ ಹೋದರು. ಆಮೇಲೆ ಬೇಳೆ ಸಾರು ಎರಡು ಸಲ ಹಾಕಿಸಿಕೊಂಡರು.

ಚಳಿ ತಮಾಷೆಯಲ್ಲ. ಜುಲೈಯಲ್ಲಿ ಹಗಲು 20 ಡಿಗ್ರಿ ಹಿತವಾಗಿರುತ್ತದೆ. ರಾತ್ರಿ ನಾಲ್ಕೈದಕ್ಕೆ ಇಳಿಯುತ್ತದೆ, ಕೆಲವು ದಿನ ಸೊನ್ನೆಗಿಂತ ಕೆಳಗೆ. ಮರುಭೂಮಿ ಅಂದರೆ ಸೆಕೆ ಅಂದುಕೊಂಡು ತೆಳು ಹೊದಿಕೆ ಒಯ್ದಿದ್ದೆ. ಒಂದು ಬೆಳಗ್ಗೆ ಟೆಂಟಿನ ಮೇಲೆ ಇಬ್ಬನಿ ಗಟ್ಟಿಯಾಗಿ ಸಕ್ಕರೆಯ ಹಾಗೆ ಕೂತಿತ್ತು. ಕಾಫಿಗೆ ಸ್ಟೋವ್ ಹಚ್ಚಿದರೆ ಉರಿಯೇ ಇಲ್ಲ, ನೀಲಿ ಚುಕ್ಕೆ ಮಿಣುಕು ಮಿಣುಕು. ಸಣ್ಣ ಕ್ಯಾನ್‌ಗಳಲ್ಲಿ ಇರುವ ಬ್ಯೂಟೇನ್ ಅಂಥ ಚಳಿಗೆ ಆವಿಯಾಗುವುದೇ ಇಲ್ಲವಂತೆ. ಕ್ಯಾನ್ ಬಿಚ್ಚಿ ಸ್ವೆಟರ್ ಒಳಗೆ ಹತ್ತು ನಿಮಿಷ ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಕೂತೆ. ಆಮೇಲೆ ಹತ್ತಿತು. ನೀವು ಪ್ರೊಪೇನ್ ಸಿಲಿಂಡರಿನ ಒಲೆ ಒಯ್ಯಿರಿ, ಇಲ್ಲಾಂದರೆ ಕ್ಯಾನ್ ಅನ್ನು ಹಾಸಿಗೆ ಹತ್ತಿರವೇ ಇಟ್ಟುಕೊಳ್ಳಿ.

ಗಾಳಿ ಹಾಸಿಗೆ ಮೇಲಿನಿಂದ ಎಷ್ಟು ಹೊದ್ದರೂ ಕೆಳಗಿನಿಂದ ಕೊರೆಯುತ್ತದೆ. ಕೆಳಗೆ ಫೋಮ್ ಶೀಟ್, ಅದರ ಮೇಲೆ ಜಮಖಾನ. ಇನ್ನೊಂದು, ಅಲ್ಲಿ ನಮ್ಮ ನೆಗ್ಗಿಲು ಮುಳ್ಳು ಇದೆ! ಸಾಕ್ಷಾತ್ ಅದೇ ಗಿಡ, ಅದೇ ಹಳದಿ ಹೂವು. ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚಿಸಿಕೊಂಡವಳು, ಅಷ್ಟು ದೂರ ಹೋಗಿ ಮತ್ತೆ ಚುಚ್ಚಿಸಿಕೊಂಡೆ. ಗಾಳಿ ಹಾಸಿಗೆ ಮೊದಲ ರಾತ್ರಿಯೇ ಪಂಕ್ಚರ್. ಟೆಂಟ್ ಹಾಕುವ ಮೊದಲು ನೆಲ ಗುಡಿಸಿ.

ಗಾಳಿ ತುಂಬಾ ಒಣ. ಇಬ್ಬರು ಮಕ್ಕಳಿಗೂ ಮೂಗಿನಲ್ಲಿ ರಕ್ತ ಬಂತು. ಗಾಬರಿ ಬೇಡ, ರಾತ್ರಿ ಮೂಗಿನ ಹೊಳ್ಳೆಯ ಅಂಚಿಗೆ ಸ್ವಲ್ಪ ಕೊಬ್ಬರಿ ಎಣ್ಣೆ, ತುಟಿಗೆ ತುಪ್ಪ. ನಮ್ಮ ಮಕ್ಕಳಿಗೆ ಅಷ್ಟೇ ಸಾಕಾಯಿತು. ಕುಡಿಯುವ ನೀರು ನಿಮ್ಮದೇ ಇರಲಿ. ಕೆಲವು ರೋಡ್‌ಹೌಸ್‌ಗಳ ನಲ್ಲಿಯಲ್ಲಿ ಬರುವುದು ಬೋರ್ ನೀರು. ಕೋಲಾರದ ಬೋರ್‌ವೆಲ್ ನೀರು ಕುಡಿದು ಬೆಳೆದವಳಿಗೇ ಆ ಕಾಫಿ ಇಳಿಯಲಿಲ್ಲ.

ಪರ್ತ್‌ನಿಂದ

ಗಾಡಿ ಬಗ್ಗೆ ಮಾತ್ರ ಹೇಳುತ್ತೇನೆ.

ಪೋರ್ಟ್ ಆಗಸ್ಟಾದಿಂದ ಉತ್ತರಕ್ಕೆ ಹೋಗುವ ಸ್ಟುವರ್ಟ್ ಹೈವೇ, ಅದರಿಂದ ತಿರುಗುವ ಉಲುರು ದಾರಿ ಎರಡೂ ಪೂರ್ತಿ ಟಾರ್ ರಸ್ತೆ. ಫೋರ್ ವೀಲ್ ಡ್ರೈವ್ ಬೇಕಿಲ್ಲ. ಹೊರಡುವ ಮೊದಲು ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ. ಈಗಿನ ಎಷ್ಟೋ ಎಸ್‌ಯುವಿಗಳಲ್ಲಿ ಸೈಕಲ್ ಚಕ್ರದಂಥ ಸಣ್ಣ ಟೈರ್ ಇರುತ್ತದೆ, ಅದರಲ್ಲಿ 80ರ ಮೇಲೆ ಓಡಿಸುವ ಹಾಗಿಲ್ಲ. ಮುಂದಿನ ಊರು 250 ಕಿ.ಮೀ. ದೂರ ಇದ್ದಾಗ ಅದು ಗೊತ್ತಾದರೆ ಪ್ರಯೋಜನ ಇಲ್ಲ. ಪೂರ್ತಿ ಅಳತೆಯ ಚಕ್ರ ಒಂದು ಹೊಂದಿಸಿ. ಸಾಮಾನು ಕೆಳಗಿಳಿಸದೆ ಅದು ಕೈಗೆ ಸಿಗುವ ಹಾಗೆ ಇಡಿ.

ಪೆಟ್ರೋಲ್ ಅರ್ಧಕ್ಕೆ ಬಂತೆಂದರೆ ತುಂಬಿಸಿ, ರೇಟ್ ನೋಡಬೇಡಿ. ಗ್ಲೆಂಡಾಂಬೋ ದಾಟಿದರೆ ಕೂಬರ್ ಪೀಡಿವರೆಗೆ 250 ಕಿ.ಮೀ. ಬಂಕ್ ಇಲ್ಲ.

ರೋಡ್ ಟ್ರೇನ್ ಅಂದರೆ ಒಂದು ಲಾರಿಗೆ ಮೂರು ಟ್ರೇಲರ್, 53 ಮೀಟರ್ ಉದ್ದ. ಓವರ್‌ಟೇಕ್ ಮಾಡಲು ಆತುರ ಬೇಡ. ಎದುರಿನಿಂದ ಬಂದರೆ ಎಡಕ್ಕೆ ಸರಿದು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿಯಿರಿ, ಗಾಳಿ ಕಾರನ್ನೇ ತಳ್ಳುತ್ತದೆ.

ಊರು ಬಿಟ್ಟರೆ ಫೋನ್ ಸಿಗ್ನಲ್ ಇಲ್ಲ. ಆಪತ್ತಿನಲ್ಲಿ ಸಹಾಯ ಕರೆಯುವ ಸ್ಯಾಟಲೈಟ್ ಬೀಕನ್ ಬಾಡಿಗೆಗೆ ಸಿಗುತ್ತದೆ, ಒಂದು ತೊಗೊಳ್ಳಿ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆದುಕೊಂಡು ಹೋಗಬೇಡಿ. ಅಲ್ಲಲ್ಲಿ ಹೈವೇ ಮೇಲೇ ವಿಮಾನ ಇಳಿಯುವ ಪಟ್ಟೆ ಬಳಿದಿರುತ್ತಾರೆ, ಅದು ದೂರದ ಜಾಗಗಳಿಗೆ ಡಾಕ್ಟರನ್ನು ಕರೆತರುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ವಿಮಾನಕ್ಕೆ. 1928ರಿಂದ ನಡೆಯುತ್ತಿರುವ ಸೇವೆ. ಮಕ್ಕಳಿಗೆ ತೋರಿಸಿ, ಅರ್ಧ ಗಂಟೆ ಗಲಾಟೆ ಇರುವುದಿಲ್ಲ.

ಕ್ಯಾನ್‌ಬೆರಾದಿಂದ

ಎಲ್ಲರೂ ಬೈಯಬಹುದು, ಆದರೂ ಹೇಳುತ್ತೇನೆ. ಐದು ವರ್ಷದವನಿಗೆ ಉಲುರು ಯಾಕೆ? ಅಡಿಲೇಡ್‌ನಿಂದ ಐದು ಗಂಟೆ ಉತ್ತರಕ್ಕೆ ಹೋದರೆ ಫ್ಲಿಂಡರ್ಸ್ ರೇಂಜಸ್. ವಿಲ್ಪೀನಾದಲ್ಲಿ ಟೆಂಟ್ ಹಾಕಿ ಒಂದು ವಾರ ಇದ್ದುಬಿಡಿ. ಕೆಂಪು ಬೆಟ್ಟ, ಎಮು, ಕಾಂಗರೂ ಎಲ್ಲ ಅಂಗಳದಲ್ಲೇ. 55 ಕೋಟಿ ವರ್ಷ ಹಿಂದಿನ ಮೆತ್ತನೆ ಜೀವಿಗಳ ಅಚ್ಚು ಕಲ್ಲಲ್ಲಿ ಉಳಿದಿರುವುದು ಆ ಬೆಟ್ಟಸಾಲಿನಲ್ಲೇ. ಉಲುರು ಎಲ್ಲಿಗೂ ಓಡಿಹೋಗುವುದಿಲ್ಲ, ಮಗನಿಗೆ ಹತ್ತು ಆದ ಮೇಲೆ ಹೋಗಿ.

ಬ್ರಿಸ್ಬೇನ್‌ನಿಂದ

ನಾವು ವಿಮಾನದಲ್ಲಿ ಆಲಿಸ್‌ಗೆ ಹೋಗಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೊಗೊಂಡೆವು. ಸಮಯ ಉಳಿಯಿತು, ದುಡ್ಡು ಉಳಿಯಲಿಲ್ಲ. ಬಾಡಿಗೆ ಕರಾರು ಪೂರ್ತಿ ಓದಿ. ನಮ್ಮದರಲ್ಲಿ ಸೂರ್ಯ ಮುಳುಗಿದ ಮೇಲೆ ಊರಾಚೆ ಓಡಿಸಿದರೆ, ಮಣ್ಣು ರಸ್ತೆಗೆ ಇಳಿದರೆ ಇನ್ಶೂರೆನ್ಸ್ ಇಲ್ಲ ಅಂತ ಇತ್ತು. ಕೌಂಟರ್‌ನಲ್ಲಿ ಯಾರೂ ಹೇಳಲಿಲ್ಲ. ಹನ್ನೆರಡನೇ ಪುಟದಲ್ಲಿ ನಾನೇ ಕಂಡುಹಿಡಿದೆ, ಅದೂ ಮೂರನೇ ದಿನ.

ಕೇಳಿದವರು, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ನಮ್ಮವರಿಗೆ ಪೂರ್ತಿ ಓದಿ ಹೇಳಿದೆ. ಗೂಟದ ಕತೆಗೆ ನಕ್ಕರು, 5,300ಕ್ಕೆ ಸುಮ್ಮನಾದರು. ಫ್ಲಿಂಡರ್ಸ್ ಮಾತು ನನಗೆ ಹಿಡಿಸಿತು. ಮಗಳು ಮಾತ್ರ ಸ್ಕೂಲಲ್ಲಿ ಉಲುರು ಬಗ್ಗೆ ಪ್ರಾಜೆಕ್ಟ್ ಮಾಡಿದ್ದಾಳೆ, ಬಿಡುತ್ತಿಲ್ಲ. ಆಲಿಸ್, ಕಿಂಗ್ಸ್ ಕ್ಯಾನಿಯನ್ ತೆಗೆದಿದ್ದೇವೆ. ಹೊಸ ಲೆಕ್ಕ: ಬಾರ್ಡರ್‌ಟೌನ್, ಅಡಿಲೇಡ್, ಪೋರ್ಟ್ ಆಗಸ್ಟಾ, ಕೂಬರ್ ಪೀಡಿ ಎರಡು ರಾತ್ರಿ, ಕುಲ್ಗೇರಾ, ಯುಲಾರಾ ಮೂರು ರಾತ್ರಿ, ಅದೇ ದಾರಿಯಲ್ಲಿ ವಾಪಸ್. ಸರಿ ಇದೆಯಾ? ಉಲುರು ಸುತ್ತ ನಡೆಯಲು ಚಿಕ್ಕವನಿಗೆ ಆಗುತ್ತದಾ?

ಅಡಿಲೇಡ್‌ನಿಂದ

ಪೂರ್ತಿ ಸುತ್ತು 10.6 ಕಿ.ಮೀ., ಅವನಿಗೆ ಆಗುವುದಿಲ್ಲ. ಮುಟಿಜುಲು ನೀರಿನ ಗುಂಡಿಯವರೆಗಿನ ದಾರಿ ಹೋಗಿ ಬರಲು ಒಂದೇ ಕಿ.ಮೀ., ಅದು ಸಾಕು. ಮಗಳಿಗೆ ಪೂರ್ತಿ ಸುತ್ತಬೇಕು ಅಂದರೆ ಬಾಡಿಗೆ ಸೈಕಲ್ ಸಿಗುತ್ತದೆ. ಮೇಲೆ ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಂತಿದೆ. ಅದು ಅಲ್ಲಿನ ಅನಂಗು ಜನರಿಗೆ ಪವಿತ್ರ ಜಾಗ. ಕೆಲವು ಕಡೆ ಫೋಟೋ ಬೇಡ ಅಂತ ಬೋರ್ಡ್ ಇರುತ್ತದೆ. ದೇವಸ್ಥಾನದ ಗರ್ಭಗುಡಿ ಮುಂದೆ ಕ್ಯಾಮೆರಾ ಒಳಗಿಡುವ ಹಾಗೆ ಅಂತ ಮಕ್ಕಳಿಗೆ ಹೇಳಿದೆ, ತಕ್ಷಣ ಅರ್ಥವಾಯಿತು. ಪಾರ್ಕ್ ಪಾಸ್ ಮೂರು ದಿನಕ್ಕೆ ದೊಡ್ಡವರಿಗೆ 38 ಡಾಲರ್, ಮಕ್ಕಳಿಗೆ ಇಲ್ಲ.

ರಾತ್ರಿ ಊಟ ಆದ ಮೇಲೆ ದೀಪ ಆರಿಸಿ ಮೇಲೆ ನೋಡಿ. ಸದರ್ನ್ ಕ್ರಾಸ್ ನಕ್ಷತ್ರಪುಂಜದ ಪಕ್ಕದ ಕಪ್ಪು ಚುಕ್ಕೆ ಎಮುವಿನ ತಲೆ, ಅಲ್ಲಿಂದ ಆಕಾಶಗಂಗೆಯೊಳಗಿನ ಕಪ್ಪು ಪಟ್ಟೆ ಅದರ ಕುತ್ತಿಗೆ, ಮೈ. ಮೂಲನಿವಾಸಿಗಳು ನಕ್ಷತ್ರದ ನಡುವಿನ ಕತ್ತಲಲ್ಲಿ ಚಿತ್ರ ನೋಡುತ್ತಾರೆ. ನನಗೆ ಕಾಣಲು ಎರಡು ರಾತ್ರಿ ಬೇಕಾಯಿತು, ಮಗನಿಗೆ ಎರಡು ನಿಮಿಷ.

ಅಲ್ಲಿ ಚಪ್ಪಲಿ ಟೆಂಟಿನ ಹೊರಗೆ ಬಿಡಬೇಡಿ. ನಮ್ಮ ಅಭ್ಯಾಸ, ಗೊತ್ತು. ಅಲ್ಲಿನ ಕಾಡುನಾಯಿ ಡಿಂಗೋ ಬಂದು ಒಂದೇ ಒಂದು ಎತ್ತಿಕೊಂಡು ಹೋಗುತ್ತದೆ, ಜೋಡಿ ಅಲ್ಲ.

ನಿಮ್ಮ ಲೆಕ್ಕದಲ್ಲಿ ಒಂದೇ ತಪ್ಪು. ಪೋರ್ಟ್ ಆಗಸ್ಟಾದಿಂದ ಕೂಬರ್ ಪೀಡಿ 540 ಕಿ.ಮೀ. ನಾನು ಬಿದ್ದ ಗುಂಡಿಯೇ ಅದು. ಪೋರ್ಟ್ ಆಗಸ್ಟಾದಲ್ಲಿ ಉಳಿಯಬೇಡಿ. ಅಡಿಲೇಡ್‌ನಿಂದ ಬೆಳಗ್ಗೆ ಬೇಗ ಹೊರಟು ವೂಮೆರಾಕ್ಕೆ ಹೋಗಿ ಮಲಗಿ, ಅದು 490. ಇನ್ನೂ ಊರಿನ ಕಡೆಯ ರಸ್ತೆ ಜಾಸ್ತಿ, ಬೇಗ ಸಾಗುತ್ತದೆ. 1947ರಲ್ಲಿ ರಾಕೆಟ್ ಪರೀಕ್ಷೆಗೆಂದೇ ಶುರುವಾದ ಊರು, ನಡುಬೀದಿಯ ಪಾರ್ಕ್‌ನಲ್ಲಿ ರಾಕೆಟ್‌ಗಳನ್ನು ನಿಲ್ಲಿಸಿದ್ದಾರೆ. ಮಾರನೇ ದಿನ ಕೂಬರ್ ಪೀಡಿಗೆ 375 ಅಷ್ಟೇ, ಎರಡೂವರೆಗೆ ತಲುಪುತ್ತೀರಿ.

ಹಾಂ, ದಪ್ಪ ಕಬ್ಬಿಣದ ಗೂಟ ಮತ್ತು ಸುತ್ತಿಗೆ.