ಕೊಳೆ ಔಷಧಿ ಯಾವತ್ತು ಹೊಡೀಬೇಕು? 36 ಗಂಟೆಯ ಹ್ಯಾಕಥಾನ್‌ಗೆ ತಯಾರಿ ಹೇಗೆ, ತಿಳಿದವರು ಹೇಳಿ

ಕೇಳಿದವರು: ಶಿವಮೊಗ್ಗ, ಎಂಜಿನಿಯರಿಂಗ್ ಮೂರನೇ ವರ್ಷ

ನಮ್ಮದು ನಾಲ್ಕು ಜನರ ತಂಡ, ಇಬ್ಬರು ಎಲೆಕ್ಟ್ರಾನಿಕ್ಸ್, ಇಬ್ಬರು ಕಂಪ್ಯೂಟರ್ ಸೈನ್ಸ್. ಬರುವ ತಿಂಗಳು ಕಾಲೇಜಿನಲ್ಲಿ 36 ಗಂಟೆಯ ಹ್ಯಾಕಥಾನ್ (ಬಿಡದೆ ಕೂತು ಮಾದರಿ ಕಟ್ಟುವ ಸ್ಪರ್ಧೆ) ಇದೆ. ವಿಷಯ ಸುಸ್ಥಿರ ಅಭಿವೃದ್ಧಿಗೆ ತಂತ್ರಜ್ಞಾನ. ಅಡಿಕೆಯ ಕೊಳೆ ರೋಗ ಹಿಡಿದುಕೊಳ್ಳೋಣ ಅಂತ ಇದ್ದೇವೆ. ಎರಡು ದಾರಿ ಕಾಣುತ್ತಿದೆ: ಫೋಟೋ ತೆಗೆದರೆ ರೋಗ ಗುರುತಿಸುವ ಆಪ್, ಇಲ್ಲವೇ ಮಳೆ ಮತ್ತು ತೇವಾಂಶ ಅಳೆದು ಎಚ್ಚರಿಕೆ ಕೊಡುವ ಯಂತ್ರ. ಯಾವುದು 36 ಗಂಟೆಯಲ್ಲಿ ಆಗುವಂಥದ್ದು? ಯಾವ ಸಾಮಾನು ಮೊದಲೇ ತರಿಸಿಡಬೇಕು, ಎಲ್ಲೆಲ್ಲಿ ಕೈಕೊಡುತ್ತದೆ? ಕೈಯಲ್ಲಿರುವುದು 4,000 ರೂಪಾಯಿ. ದಯವಿಟ್ಟು ಬಿಡಿಸಿ ಹೇಳಿ.

ತೀರ್ಥಹಳ್ಳಿಯಿಂದ, ಅಡಿಕೆ ಬೆಳೆಗಾರರು

ಫೋಟೋ ಆಪ್ ಬಿಟ್ಟುಬಿಡಿ. ಕೊಳೆ ಬರುವುದು ಗೊನೆಗೆ, ಗೊನೆ ಇರುವುದು ನಲವತ್ತು ಅಡಿ ಮೇಲೆ. ಫೋನ್ ಹಿಡಿದು ಕೆಳಗೆ ನಿಂತವನಿಗೆ ಸಿಗುವುದು ಉದುರಿದ ಕಾಯಿ ಮಾತ್ರ. ಕಾಯಿ ಉದುರಿದ ಮೇಲೆ ಅದು ಕೊಳೆ ಅಂತ ಹೇಳಲು ಆಪ್ ಬೇಕಿಲ್ಲ, ಮನೆಯ ಮಕ್ಕಳೂ ಹೇಳುತ್ತಾರೆ.

ರೈತನಿಗೆ ನಿಜವಾಗಿ ತಲೆಬಿಸಿ ಆಗುವುದು ಬೇರೆ ಕಡೆ. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದಿರುತ್ತೇವೆ. 40–45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಆ ಹೊತ್ತಿಗೆ ಆಷಾಢದ ಮಳೆ ಬಿಡುವುದಿಲ್ಲ, ಮರ ಜಾರುತ್ತದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಹತ್ತು ತೋಟಕ್ಕೆ ಒಬ್ಬರು. ಮಳೆ ಯಾವಾಗ ಹೊಳವಾಗುತ್ತದೆ (ಬಿಡುವು ಕೊಡುತ್ತದೆ), ಹಿಂದಿನ ಔಷಧಿ ಎಷ್ಟು ಮಳೆ ತಿಂದಿದೆ, ಇವತ್ತು ಜನ ಕರೆಯಲೋ ಬೇಡವೋ, ನಿಮ್ಮ ಯಂತ್ರ ಈ ಒಂದು ತೀರ್ಮಾನಕ್ಕೆ ಸಹಾಯ ಮಾಡಿದರೆ ಸಾಕು. ಪರದೆಯ ಮೇಲೆ ಬರಬೇಕಾದ್ದು ಇಷ್ಟೇ: ‘ಔಷಧಿ ಹೊಡೆದು 31 ದಿನ, ಅಲ್ಲಿಂದ ಬಿದ್ದ ಮಳೆ 1,140 ಮಿ.ಮೀ., ಕಳೆದ 3 ಗಂಟೆ ಮಳೆ ಇಲ್ಲ.’ ‘ಅಪಾಯ ಶೇ. 87’ ಅಂತ ತೋರಿಸಬೇಡಿ. ಆ 87 ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹವೆಯ ಲೆಕ್ಕ ಬೇಕಾದರೆ, ಕೊಳೆ ತರುವ ಫೈಟಾಫ್ತೊರಾ ಎಂಬ ರೋಗಾಣು ಜೋರಾಗುವುದು 20–23 ಡಿಗ್ರಿ ತಂಪಿನಲ್ಲಿ, ತೇವಾಂಶ ಶೇ. 90ರ ಮೇಲೆ ಇದ್ದಾಗ, ಬಿಟ್ಟೂ ಬಿಡದ ಮಳೆಯ ನಡುವೆ ಆಗಾಗ ಬಿಸಿಲು ಬಂದು ಹೋದಾಗ. ಎಷ್ಟು ಗಂಟೆ ಹೀಗಿದ್ದರೆ ಎಚ್ಚರಿಕೆ ಎನ್ನುವ ಮಿತಿಯನ್ನು ನೀವೇ ಗಟ್ಟಿ ಮಾಡಬೇಡಿ. ಬೆಳೆಗಾರ ಬದಲಿಸಿಕೊಳ್ಳುವ ಹಾಗೆ ಬಿಡಿ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದವರನ್ನು ಮುಂಚೆಯೇ ಭೇಟಿ ಮಾಡಿ, ಅವರು ಹೇಳಿದ ಸಂಖ್ಯೆಯನ್ನು ಆರಂಭದ ಮಿತಿಯಾಗಿ ಇಡಿ.

ಬೋರ್ಡೋ ಬಗ್ಗೆ ಕೇಳಿದರೆ ತಡವರಿಸಬಾರದು. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿಗೆ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿಗೆ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ನಿಧಾನ ಸುರಿಯಬೇಕು. ಉಜ್ಜಿದ ಚಾಕು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಕಲಸಿದ್ದು ಅವತ್ತೇ ಖಾಲಿಯಾಗಬೇಕು. ಇದಕ್ಕಾಗಿಯೇ ಹೊಳವಿನ ಲೆಕ್ಕ ಮುಖ್ಯ: ನೂರಾರು ಲೀಟರ್ ಕಲಸಿದ ಮೇಲೆ ಮಳೆ ಹಿಡಿದರೆ ಆ ದಿನದ ಕೂಲಿ, ಔಷಧಿ ಎರಡೂ ಹೋಯಿತು.

ಸಾಗರದಿಂದ, ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಕೆಲಸದವರು

ಮೇಲಿನವರು ಹೇಳಿದ ಹಾಗಾದರೆ ನಿಮ್ಮ ಯಂತ್ರದ ಜೀವ ಮಳೆಮಾಪಕದಲ್ಲಿದೆ. ಹೆಚ್ಚಿನ ತಂಡಗಳು ಎಡವುವುದೂ ಅಲ್ಲೇ, ಹಾಗಾಗಿ ಇದನ್ನು ಉದ್ದ ಬರೆಯುತ್ತೇನೆ. ಮಾರುಕಟ್ಟೆಯಲ್ಲಿ ‘ಮಳೆ ಸೆನ್ಸರ್’ ಅಂತ ಸಿಗುವ ತಾಮ್ರದ ಗೆರೆಯ ಪುಟ್ಟ ಹಲಗೆ ಮಳೆ ಬಂತು, ಇಲ್ಲ ಅಂತ ಮಾತ್ರ ಹೇಳುತ್ತದೆ. ನಮ್ಮ ಮಳೆಗೆ ಒಂದೆರಡು ವಾರದಲ್ಲಿ ಹಸಿರುಗಟ್ಟಿ ಅದೂ ನಿಲ್ಲುತ್ತದೆ. ಬೇಕಾದ್ದು ಮಗುಚುವ ಬಟ್ಟಲಿನ ಮಾಪಕ: ಲಾಳಿಕೆ, ಅದರ ಕೆಳಗೆ ತಕ್ಕಡಿಯಂತೆ ಆಡುವ ಜೋಡಿ ಬಟ್ಟಲು, ಬಟ್ಟಲಿಗೆ ಆಯಸ್ಕಾಂತ, ಪಕ್ಕದಲ್ಲಿ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್).

ಲಾಳಿಕೆಯ ಬಾಯಿ 16 ಸೆಂ.ಮೀ. ಅಡ್ಡಳತೆ ಇದ್ದರೆ ವಿಸ್ತೀರ್ಣ 201 ಚದರ ಸೆಂ.ಮೀ. ಅದರ ಮೇಲೆ 0.2 ಮಿ.ಮೀ. ಮಳೆ ಅಂದರೆ 4 ಮಿಲಿ ನೀರು. ಬಟ್ಟಲು 4 ಮಿಲಿಗೆ ಮಗುಚುವಂತೆ ಕೆಳಗಿನ ತಿರುಪು ಹೊಂದಿಸಿ. ಆಮೇಲೆ 400 ಮಿಲಿ ಅಳೆದು, ಬಾಟಲಿಗೆ ಮೊಳೆಯಿಂದ ತೂತು ಮಾಡಿ, ಲಾಳಿಕೆಗೆ ಹನಿಸಿ. ಸರಿಯಿದ್ದರೆ 100 ಸಲ ಮಗುಚಬೇಕು. 94 ಬಂದರೆ ತಿರುಪಿನ ಹಿಂದೆ ಬಿದ್ದು ರಾತ್ರಿ ಕಳೆಯಬೇಡಿ, ಪ್ರೋಗ್ರಾಮ್‌ನಲ್ಲಿ ಪ್ರತಿ ಮಗುಚಿಗೆ 0.212 ಅಂತ ಬರೆದುಬಿಡಿ. ಈ ಪರೀಕ್ಷೆ ಎರಡು ವೇಗದಲ್ಲಿ ಆಗಲೇಬೇಕು. 400 ಮಿಲಿ ಒಂದು ಗಂಟೆಯಲ್ಲಿ ಇಳಿದರೆ ಅದು ಗಂಟೆಗೆ 20 ಮಿ.ಮೀ. ಮಳೆ. 12 ನಿಮಿಷದಲ್ಲಿ ಇಳಿದರೆ ಗಂಟೆಗೆ 100 ಮಿ.ಮೀ. ಜೋರು ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣದಲ್ಲೂ ನೀರು ಬೀಳುತ್ತಿರುತ್ತದೆ, ಆ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಅಳತೆ ಕಡಿಮೆ ಬರುತ್ತದೆ. ಬಯಲುಸೀಮೆಯಲ್ಲಿ ಇದು ಸಣ್ಣ ತಪ್ಪು. ಆಗುಂಬೆ, ಹುಲಿಕಲ್ ಕಡೆ ಹಾಗೆ ಬಿಡಲಾಗದು. ಎರಡು ವೇಗಕ್ಕೆ ಎರಡು ಗುಣಾಂಕ ಇಡಿ.

ಇಎಸ್‌ಪಿ32ಗೆ (ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್) ಜೋಡಿಸುವಾಗ ನಾಲ್ಕು ಕಡೆ ಹುಷಾರು. ಒಂದು, ರೀಡ್ ಸ್ವಿಚ್ಚನ್ನು ಪಿನ್ 34ರಿಂದ 39ರವರೆಗೆ ಯಾವುದಕ್ಕೂ ಹಾಕಬೇಡಿ. ಅವುಗಳಿಗೆ ಒಳಗಿನ ಪುಲ್-ಅಪ್ (ಸ್ವಿಚ್ ತೆರೆದಿರುವಾಗ ಪಿನ್ನನ್ನು 3.3 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಇಲ್ಲ, ಕೈ ಹತ್ತಿರ ತಂದರೂ ಮಳೆ ಎಣಿಸುತ್ತದೆ. ಪಿನ್ 27ಕ್ಕೆ ಹಾಕಿ, 10 ಕಿಲೋಓಮ್ ರೆಸಿಸ್ಟರ್ ಹೊರಗಿನಿಂದಲೇ 3.3 ವೋಲ್ಟಿಗೆ ಕೊಡಿ. ಎರಡು, ಸ್ವಿಚ್ ಒಂದು ಸಲ ಮುಚ್ಚುವಾಗ ನಾಲ್ಕೈದು ಸಲ ನಡುಗುತ್ತದೆ, 100 ಮಿಲಿಸೆಕೆಂಡ್ ಒಳಗಿನದನ್ನೆಲ್ಲ ಒಂದೇ ಅಂತ ತೆಗೆದುಕೊಳ್ಳಿ. ಮೂರು, ಎಣಿಕೆಯ ವೇರಿಯಬಲ್ ಒಂದು ಬೈಟ್ ಇದ್ದರೆ 255 ದಾಟಿ ಸೊನ್ನೆಗೆ ಬರುತ್ತದೆ, ಅಂದರೆ 51 ಮಿ.ಮೀ. ಆದಮೇಲೆ ಮಳೆಯೇ ಬಂದಿಲ್ಲ ಅನ್ನುತ್ತದೆ. ಬೆಂಚಿನ ಮೇಲೆ ಈ ತಪ್ಪು ಸಿಗುವುದೇ ಇಲ್ಲ, ಮೊದಲ ದೊಡ್ಡ ಮಳೆಗೆ ಸಿಗುತ್ತದೆ. ನಾಲ್ಕು, ಬೇರೆ ಅನಲಾಗ್ ಸೆನ್ಸರ್ ಹಾಕುವುದಾದರೆ 32–39ರ ಪಿನ್‌ಗಳಿಗೇ ಹಾಕಿ. ವೈಫೈ ಓಡುವಾಗ ಎರಡನೇ ಎಡಿಸಿಯ (ಅನಲಾಗ್ ಅಳತೆಯನ್ನು ಅಂಕಿ ಮಾಡುವ ಭಾಗ) ಪಿನ್‌ಗಳು ಓದುವುದಿಲ್ಲ.

ತೇವಾಂಶಕ್ಕೆ ಡಿಎಚ್‌ಟಿ22 ಬೇಡ. ವಾರಗಟ್ಟಲೆ ಒದ್ದೆ ಇದ್ದರೆ ಅದು 99.9ರಲ್ಲಿ ಅಂಟಿ ಕೂರುತ್ತದೆ. ಎಸ್‌ಎಚ್‌ಟಿ31 ತಗೊಳ್ಳಿ, ಅದರೊಳಗೆ ಸಣ್ಣ ಹೀಟರ್ ಇದೆ, ಆಗಾಗ ಹಚ್ಚಿ ಒಣಗಿಸಬಹುದು. ಮೇಲೆ ನೆರಳಿಗೆ ಬಿಳಿ ಪ್ಲಾಸ್ಟಿಕ್ ತಟ್ಟೆ ಐದಾರನ್ನು ಬೋರಲು ಹಾಕಿ ಬೋಲ್ಟಿಗೆ ಪೋಣಿಸಿ. ಪರಿಸರದ ಹೆಸರಲ್ಲಿ ಅಡಿಕೆ ಹಾಳೆಯ ತಟ್ಟೆ ಹಾಕುವ ಆಸೆ ಬರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಸೆನ್ಸರ್ ಕೆಡಿಸುತ್ತದೆ, ಬೇಡ.

ಭದ್ರಾವತಿಯಿಂದ, ದತ್ತಾಂಶ ಮತ್ತು ಮಾದರಿಗಳ ಕೆಲಸದವರು

ಫೋಟೋ ಆಪ್ ಯಾಕೆ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. ಎಲ್ಲರೂ ಇಳಿಸಿಕೊಳ್ಳುವ ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿ 14 ಬೆಳೆಗಳ ಸುಮಾರು 54,000 ಚಿತ್ರಗಳಿವೆ, ಅಡಿಕೆ ಇಲ್ಲ. ಅವೂ ಒಂದೊಂದೇ ಎಲೆಯನ್ನು ಸಾದಾ ಹಿನ್ನೆಲೆಯಲ್ಲಿಟ್ಟು ತೆಗೆದವು, ತೋಟದ ಬೆಳಕಿನಲ್ಲಿ ನಿಖರತೆ ಕುಸಿಯುತ್ತದೆ. ಮುಂದೆ ಅಡಿಕೆಯ ಎಲೆಚುಕ್ಕೆ ರೋಗಕ್ಕೆ ನೀವೇ ಚಿತ್ರ ಕೂಡಿಸಿದರೆ, ಕಲಿಕೆಗೆ ಮತ್ತು ಪರೀಕ್ಷೆಗೆ ಪಾಲು ಮಾಡುವಾಗ ಮರದ ಲೆಕ್ಕದಲ್ಲಿ ಮಾಡಿ. ಒಂದೇ ಸೋಗೆಯ ಹತ್ತು ಫೋಟೋ ಎರಡೂ ಕಡೆ ಹಂಚಿಹೋದರೆ ಬರುವ ಶೇ. 98 ನಿಖರತೆ ಸುಳ್ಳು.

ಕೇಳಿದವರು

ಧನ್ಯವಾದ. ಹಾಗಾದರೆ ಮಳೆಮಾಪಕವೇ ಸರಿ. ಯಂತ್ರ ತೋಟದಲ್ಲಿ, ಮನೆ 300 ಮೀಟರ್ ದೂರ. ತೋಟದಲ್ಲಿ ಸಿಗ್ನಲ್ ಇಲ್ಲ, ಕರೆಂಟೂ ಇಲ್ಲ. ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳಿಸುವ ರೇಡಿಯೋ) ಹಾಕೋಣವೇ, ಸಿಮ್ ಹಾಕೋಣವೇ?

ಹೊಸನಗರದಿಂದ, ರೇಡಿಯೋ ಸಂಪರ್ಕದ ಕೆಲಸದವರು

ಮೊದಲು ಒಂದು ಪ್ರಶ್ನೆ: ಮಾಪಕ ತೋಟದೊಳಗೇ ಯಾಕೆ ಇರಬೇಕು? ಅಡ್ಡವಿರುವ ಮರದ ಎತ್ತರದ ಎರಡು ಪಟ್ಟು ದೂರದಲ್ಲಿಟ್ಟರೆ ಮಾತ್ರ ಮಳೆ ಸರಿಯಾಗಿ ಬೀಳುತ್ತದೆ. ನಲವತ್ತು ಅಡಿ ಮರಕ್ಕೆ ಎಂಬತ್ತು ಅಡಿ. ತೋಟದೊಳಗೆ ಅಂಥ ಜಾಗ ಎಲ್ಲಿದೆ? ಅಡಿಕೆ ಒಣಗಿಸುವ ಅಂಗಳದಲ್ಲಿಡಿ, ಮನೆಯ ವೈಫೈ ಸಿಗುತ್ತದೆ, ಕರೆಂಟೂ ಸಿಗುತ್ತದೆ, ಅರ್ಧ ಕಷ್ಟ ಕಳೆಯಿತು. ತೋಟದೊಳಗೆ ಬೇಕಾದ್ದು ತೇವಾಂಶದ ಸೆನ್ಸರ್ ಮಾತ್ರ, ಅದನ್ನು ಎರಡನೇ ಹಂತಕ್ಕೆ ಇಟ್ಟುಕೊಳ್ಳಿ.

ಆಮೇಲೂ ಲೋರಾ ಬೇಕಾದರೆ 865–867 ಮೆಗಾಹರ್ಟ್ಸ್‌ನದು ತಗೊಳ್ಳಿ, ಆ ಪಟ್ಟಿಗೆ ನಮ್ಮಲ್ಲಿ ಪರವಾನಗಿ ಬೇಡ. ಅಗ್ಗಕ್ಕೆ ಸಿಗುವ ಹಲವು 433ರವು, ಕೊಳ್ಳುವ ಮುಂಚೆ ಸಂಖ್ಯೆ ನೋಡಿ. ಆಂಟೆನಾ ಸಿಕ್ಕಿಸದೆ ಕರೆಂಟ್ ಕೊಡಲೇಬಾರದು, ಕಳಿಸುವ ಭಾಗ ಸುಟ್ಟುಹೋಗುತ್ತದೆ, ಮತ್ತೆ ದೂರ ಹೋಗುವುದಿಲ್ಲ. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುವುದು ಒದ್ದೆ ಸೋಗೆಗಳ ನಡುವೆ, ಗುಡ್ಡ ಅಡ್ಡ ಬಂದರೆ, ಕೆಲವು ನೂರು ಮೀಟರಿಗೆ ಇಳಿಯುತ್ತದೆ. ಹಾಗಾಗಿ ಮಳೆ ಬರುವಾಗಲೇ ಪರೀಕ್ಷಿಸಿ.

ಸಿಮ್ ಬೇಡ. ಸಿಮ್ ಹಾಕುವ ಎಸ್‌ಐಎಂ800ಎಲ್ ಮಾಡ್ಯೂಲ್ 2ಜಿಯದು, ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಕಳಿಸುವ ಕ್ಷಣಕ್ಕೆ 2 ಆಂಪಿಯರ್ ಎಳೆಯುತ್ತದೆ, ಇಎಸ್‌ಪಿ32ರ ಪಿನ್ನಿನಿಂದ ಕೊಟ್ಟರೆ ಎರಡೂ ಮತ್ತೆ ಮತ್ತೆ ರೀಸೆಟ್ ಆಗುತ್ತವೆ. ಎಸ್‌ಎಂಎಸ್ ಸೇವೆ ಕೊಳ್ಳೋಣ ಅಂದರೆ ಡಿಎಲ್‌ಟಿ (ಸಾಮೂಹಿಕ ಎಸ್‌ಎಂಎಸ್ ಕಳಿಸುವವರ) ನೋಂದಣಿ ಬೇಕು, ಅದು 36 ಗಂಟೆಯ ಕೆಲಸವಲ್ಲ. ಪ್ರದರ್ಶನಕ್ಕೆ ಟೆಲಿಗ್ರಾಂ ಬಾಟ್ ಸಾಕು. ಮುಂದೆ ಎಸ್‌ಎಂಎಸ್‌ಗೆ ಹೋದರೆ ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಅಕ್ಷರ ಮಾತ್ರ, ‘ಕ್ಷ’ ಒಂದೇ ಮೂರು ಜಾಗ ತಿನ್ನುತ್ತದೆ. ಈಗಲೇ ಮಾತು ಚಿಕ್ಕದು ಮಾಡಿ ಅಭ್ಯಾಸ ಮಾಡಿ. ಪುಟ್ಟ ಓಎಲ್‌ಇಡಿ ಪರದೆಯ ಸಾಮಾನ್ಯ ಲೈಬ್ರರಿಗಳಲ್ಲಿ ಒತ್ತಕ್ಷರ ಮೂಡುವುದಿಲ್ಲ. ಬೇಕಾದ ಹತ್ತು ಪದಗಳನ್ನು ಚಿತ್ರವಾಗಿ ಸೇರಿಸಿಡಿ.

ಮುಂದೆ ತೋಟದೊಳಗೆ ಇಡುವುದಾದರೆ ಬ್ಯಾಟರಿ ಲೆಕ್ಕ: ಚಿಪ್ ಆಳ ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಅಂತ ಕಾಗದದಲ್ಲಿದೆ. ಆದರೆ ಡೆವಲಪ್‌ಮೆಂಟ್ ಬೋರ್ಡಿನ ರೆಗ್ಯುಲೇಟರ್, ದೀಪ, ಯುಎಸ್‌ಬಿ ಚಿಪ್ ಸೇರಿ 10 ಮಿಲಿಆಂಪಿಯರ್ ತನಕ ತಿನ್ನುತ್ತವೆ. 2,500 ಮಿಲಿಆಂಪಿಯರ್-ಗಂಟೆಯ ಸೆಲ್ ಹತ್ತು ದಿನಕ್ಕೆ ಖಾಲಿ. ಸೋಲಾರ್ ನಂಬಿದರೆ, ಯಂತ್ರ ಬೇಕಾದ ತಿಂಗಳಿನಲ್ಲೇ ಬಿಸಿಲಿರುವುದಿಲ್ಲ. ಪವರ್ ಬ್ಯಾಂಕೂ ಮೋಸ ಮಾಡುತ್ತದೆ, ಎಳೆತ ಕಡಿಮೆ ಅಂತ ತಾನೇ ಆರಿಹೋಗುತ್ತದೆ. ಡಬ್ಬಿಗೆ ವೈರ್ ಕೆಳಗಿನಿಂದಲೇ ಒಳಗೆ ಹೋಗಬೇಕು, ಗ್ಲ್ಯಾಂಡ್‌ಗೆ (ವೈರ್ ಒಳಹೋಗುವ ತೂತಿನ ಬಿಗಿ) ಮುಂಚೆ ಒಂದು ಬಳಕು ಕೆಳಕ್ಕೆ ಬಿಡಿ, ನೀರು ಅಲ್ಲಿಂದಲೇ ತೊಟ್ಟಿಕ್ಕಲಿ.

ಶಿವಮೊಗ್ಗದಿಂದ, ತಂಡಗಳಿಗೆ ಮಾರ್ಗದರ್ಶನ ಮಾಡುವವರು

ಲೋರಾ ಬಿಟ್ಟರೆ ನಿಮ್ಮ ದುಡ್ಡು ಸಾಕು. ಇಎಸ್‌ಪಿ32 ಎರಡು, ರೀಡ್ ಸ್ವಿಚ್ ನಾಲ್ಕು (ಗಾಜಿನ ಕೊಳವೆ, ಕಾಲು ಬಗ್ಗಿಸುವಾಗ ಒಡೆಯುತ್ತದೆ), ಡೇಟಾ ಹೋಗುವ ಯುಎಸ್‌ಬಿ ಕೇಬಲ್ ಎರಡು. ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್ ಹಿಡಿದು ಬೋರ್ಡ್ ಕೆಟ್ಟಿದೆ ಅಂತ ಎರಡು ಗಂಟೆ ಕಳೆಯುವ ತಂಡ ಪ್ರತಿ ಸಲ ಇರುತ್ತದೆ. ಡ್ರೈವರ್, ಲೈಬ್ರರಿ ಎಲ್ಲ ಮನೆಯಲ್ಲೇ ಇಳಿಸಿಕೊಂಡು ಬನ್ನಿ.

ಎಂಟನೇ ಗಂಟೆಯೊಳಗೆ, ಎಷ್ಟೇ ಒರಟಾಗಿರಲಿ, ಒಂದು ಮಗುಚು ಫೋನಿನಲ್ಲಿ ಕಾಣಬೇಕು. ಅಲ್ಲಿವರೆಗೆ ಪರದೆಯ ಬಣ್ಣ ಮುಟ್ಟಬೇಡಿ. ಅಳತೆ ಹೊಂದಿಸುವುದು ಇಪ್ಪತ್ತರೊಳಗೆ, 28ಕ್ಕೆ ಕೋಡ್ ನಿಲ್ಲಿಸಿ. ಬ್ರೆಡ್‌ಬೋರ್ಡಿನ ಮೇಲೆ ವೇದಿಕೆ ಹತ್ತಬೇಡಿ, ಬೆಸುಗೆ ಹಾಕಿ. ನೆಟ್ ಕೈಕೊಟ್ಟರೂ ನಡೆಯುವಂತೆ ಲ್ಯಾಪ್‌ಟಾಪಿನಲ್ಲೇ ಮಸ್ಕಿಟೋ ಬ್ರೋಕರ್ (ಯಂತ್ರದ ಸಂದೇಶ ಫೋನಿಗೆ ದಾಟಿಸುವ ತಂತ್ರಾಂಶ) ಓಡುತ್ತಿರಲಿ.

ತೀರ್ಪುಗಾರರು ‘ಯಾವ ಸುಸ್ಥಿರ ಗುರಿ?’ ಅಂತ ಕೇಳುತ್ತಾರೆ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಚಿತ್ರ ಸಾಲಾಗಿ ಅಂಟಿಸಬೇಡಿ. ಆಹಾರದ ಗುರಿಯನ್ನೂ ಹೇಳಬೇಡಿ. ಅಡಿಕೆ ಆಹಾರವಲ್ಲ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಆ ಪ್ರಶ್ನೆ ಬಂದರೆ ಒಪ್ಪಿಕೊಳ್ಳಿ. ನಿಮ್ಮದು ಆ ಪಟ್ಟಿಯ 12.4, ರಾಸಾಯನಿಕದ ಜವಾಬ್ದಾರಿಯುತ ಬಳಕೆ, ಮತ್ತು 8.8, ಸುರಕ್ಷಿತ ದುಡಿಮೆ. ಬೇಡದ ಒಂದು ಸಿಂಪಡಣೆ ತಪ್ಪಿದರೆ ಅಷ್ಟು ತಾಮ್ರ ಮಣ್ಣಿಗೆ, ಹಳ್ಳಕ್ಕೆ ಸೇರುವುದು ತಪ್ಪಿತು, ಒಬ್ಬ ಮನುಷ್ಯ ಜಾರುವ ಮರ ಹತ್ತುವುದೂ ತಪ್ಪಿತು.

ಇನ್ನೊಂದು ಪ್ರಶ್ನೆಗೆ ಸಿದ್ಧರಿರಿ: ‘ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತಿದೆ, ನಿಮ್ಮದು ಯಾಕೆ?’ ಉತ್ತರ, ಘಟ್ಟದಂಚಿನಲ್ಲಿ ಗುಡ್ಡದ ಆಚೆ ಈಚೆ ಮಳೆ ಬೇರೆಯಾಗುತ್ತದೆ, ಮತ್ತು ಔಷಧಿ ಹೊಡೆದ ದಿನದಿಂದ ಕೂಡಿಸಿದ ಲೆಕ್ಕ ಅಲ್ಲಿ ಸಿಗುವುದಿಲ್ಲ. ಅವರ ಅಂಕಿಯನ್ನು ಬಿಡಬೇಡಿ, ನಿಮ್ಮ ಅಂಕಿಯ ಪಕ್ಕದಲ್ಲೇ ತೋರಿಸಿ. ಲಾಳಿಕೆಯೊಳಗೆ ಜೇಡ ಬಲೆ ಕಟ್ಟಿ ಬಟ್ಟಲು ಹಿಡಿದುಕೊಂಡ ದಿನ, ಎರಡೂ ಅಂಕಿ ದೂರ ದೂರ ಇರುವುದನ್ನು ನೋಡಿಯೇ ಬೆಳೆಗಾರನಿಗೆ ಗೊತ್ತಾಗಬೇಕು.